ವರ್ತಕ ಸೇತ್ ಲೋ ಕಟ್ಟಿದ ವಿಶ್ವವಿದ್ಯಾಲಯ



ವ್ಯಾಪಾರ ಮಾಡಿ ಬೆಳೆದವನ ಕೈಗೆ ಒಂದು ವಿದ್ಯಾಸಂಸ್ಥೆಯನ್ನು ಒಪ್ಪಿಸಬಹುದೇ? ಲಾಭನಷ್ಟ ನೋಡುವವನಿಗೆ ವಿದ್ಯೆಯ ಬೆಲೆ ಏನು ಗೊತ್ತು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಲೆಕ್ಕವೇ ಗೊತ್ತಿಲ್ಲದ ಪಂಡಿತರ ಕೈಗೆ ಕೊಟ್ಟರೆ ಗೋಡೆಯ ಸುಣ್ಣವೂ ಉಳಿಯುವುದಿಲ್ಲ ಎಂದು ಇನ್ನು ಕೆಲವರು ಉತ್ತರಿಸಬಹುದು. 1889ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಕೊಲಂಬಿಯಾ ಕಾಲೇಜಿನ ವಿಶ್ವಸ್ತ ಮಂಡಳಿಯ ಎದುರು ಇಂಥದೇ ಪ್ರಶ್ನೆ ಬಂದಿತ್ತು. ದೀರ್ಘಕಾಲ ಅಧ್ಯಕ್ಷರಾಗಿದ್ದ ಫ್ರೆಡರಿಕ್ ಬರ್ನಾರ್ಡ್ ಅದೇ ವರ್ಷ ತೀರಿಕೊಂಡಿದ್ದರು. ಅವರ ಸ್ಥಾನಕ್ಕೆ ಮಂಡಳಿ ಆರಿಸಿದ್ದು ಒಬ್ಬ ವಿದ್ವಾಂಸರನ್ನಲ್ಲ, ಚಹಾ ಮತ್ತು ರೇಷ್ಮೆಯ ವ್ಯಾಪಾರದಲ್ಲಿ ಪಳಗಿದ, ನಡುವೆ ನಾಲ್ಕು ವರ್ಷ ಮೇಯರ್ ಆಗಿದ್ದ, 39 ವರ್ಷದ ಸೇತ್ ಲೋ ಅವರನ್ನು. ನಮ್ಮಲ್ಲಿ ಉಪಕುಲಪತಿಗಳು ಮಾಡುವ ಕೆಲಸವನ್ನು ಅಲ್ಲಿ ಅಧ್ಯಕ್ಷರು ಮಾಡುತ್ತಾರೆ. ಒಂದು ದಿನವೂ ಪ್ರಾಧ್ಯಾಪಕನಾಗಿರದ ಮನುಷ್ಯ ಆ ಕುರ್ಚಿಯಲ್ಲಿ ಕುಳಿತರು.

ಹೆಸರು ಕೇಳಿ ನಮ್ಮ ಕಡೆಯ ಸೇಠ್ ಎಂದುಕೊಳ್ಳಬೇಡಿ. ಇದು ಆದಾಮನ ಮೂರನೆಯ ಮಗನ ಹೆಸರು. ತಾತನ ಹೆಸರೂ ಸೇತ್ ಲೋ ಎಂದೇ ಇತ್ತು. ಅದನ್ನೇ ಮೊಮ್ಮಗನಿಗೆ ಇಟ್ಟರು. ವ್ಯಾಪಾರಿಯಾದ ಮಟ್ಟಿಗೆ ಸೇಠ್ ಎಂದರೂ ಬಹಳ ತಪ್ಪಾಗದು ಅನ್ನಿ.

1850ರ ಜನವರಿ 18ರಂದು ಬ್ರೂಕ್ಲಿನ್‌ನಲ್ಲಿ ಸೇತ್ ಹುಟ್ಟಿದರು. ಬ್ರೂಕ್ಲಿನ್ ಆಗ ನ್ಯೂಯಾರ್ಕಿನ ಭಾಗವಾಗಿರಲಿಲ್ಲ; ನದಿಯಾಚೆಯ ಬೇರೆಯೇ ನಗರ. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡರು. ತಂದೆ ಏಬಿಯಲ್ ಅಬಟ್ ಲೋ ತಮ್ಮ ಮೃತ ಸಹೋದರನ ವಿಧವೆಯನ್ನು ಮದುವೆಯಾದರು. ಹೆತ್ತ ತಾಯಿಯ ಮುಖವನ್ನೇ ಅರಿಯದ ಮಗು ಆ ಮಹಿಳೆಯ ಮಡಿಲಲ್ಲಿ ಬೆಳೆಯಿತು.

ಮನೆಯಲ್ಲಿ ಸಿರಿತನಕ್ಕೆ ಕೊರತೆ ಇರಲಿಲ್ಲ. ಬ್ರೂಕ್ಲಿನ್ ಹೈಟ್ಸ್ ಎಂಬ ಎತ್ತರದ ಬಡಾವಣೆಯಲ್ಲಿ ಬಂದರಿಗೆ ಮುಖ ಮಾಡಿದ ದೊಡ್ಡ ಮನೆ. ಕಿಟಕಿಯಿಂದ ನೋಡಿದರೆ ಹಡಗುಗಳು. ಅವುಗಳಲ್ಲಿ ಕೆಲವು ಅವರವೇ. ಏಬಿಯಲ್ ಲೋ ಮತ್ತು ಸಹೋದರರ ಕಂಪನಿಯ ವೇಗದ ಹಾಯಿಹಡಗುಗಳು ಚೀನಾದಿಂದ ಚಹಾ ಮತ್ತು ರೇಷ್ಮೆ ಹೊತ್ತು ತರುತ್ತಿದ್ದವು.

ಈ ಸಿರಿಯ ಬೇರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಸಾಧಕರ ಜೀವನ ಬರೆಯುವವರು ಇಂಥ ಮಾತನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ, ಅದು ಸರಿಯಲ್ಲ. ತಂದೆ ಏಬಿಯಲ್ ಯುವಕರಾಗಿದ್ದಾಗ, 1833ರಲ್ಲಿ, ಚೀನಾದ ಕ್ಯಾಂಟನ್ ಬಂದರಿಗೆ ಹೋಗಿ ರಸಲ್ ಅಂಡ್ ಕಂಪನಿ ಎಂಬ ಅಮೆರಿಕನ್ ಸಂಸ್ಥೆಗೆ ಸೇರಿದರು, ಮುಂದೆ ಅದರಲ್ಲಿ ಪಾಲುದಾರರೂ ಆದರು. ಆ ಕಂಪನಿ ಚಹಾ, ರೇಷ್ಮೆಗಳ ಜೊತೆಗೆ ಅಫೀಮನ್ನೂ ಮಾರುತ್ತಿತ್ತು. ಚೀನಾದ ಚಕ್ರವರ್ತಿ ನಿಷೇಧಿಸಿದ್ದ, ಲಕ್ಷಾಂತರ ಮನೆಗಳನ್ನು ಹಾಳು ಮಾಡಿದ ಸರಕು ಅದು. ಏಬಿಯಲ್ ತಮ್ಮ ಊರಿಗೆ ಮರಳಿ ಸ್ವಂತ ಕಂಪನಿ ಕಟ್ಟುವಾಗ ತಂದ ಬಂಡವಾಳದಲ್ಲಿ ಆ ದುಡ್ಡಿನ ಪಾಲೂ ಇತ್ತು. ಇದೆಲ್ಲ ಮಗ ಹುಟ್ಟುವ ಹತ್ತು ವರ್ಷ ಮೊದಲಿನ ಮಾತು. ಆದರೆ ಪಿತ್ರಾರ್ಜಿತ ಆಸ್ತಿ ಎಂಬುದು ನದಿಯ ಹಾಗೆ. ಕೆಳಗೆ ಕುಳಿತು ನೀರು ಕುಡಿಯುವವನಿಗೆ ಮೇಲೆ ಏನೇನು ಸೇರಿದೆ ಎಂದು ಕಾಣುವುದಿಲ್ಲ. ಆ ಮಗ ಮುಂದೆ ತಂದೆಯ ಹೆಸರಿನಲ್ಲಿ ಏನು ಮಾಡಿದರು ಎಂಬುದನ್ನು ಓದುವಾಗ ಇದು ನಿಮ್ಮ ನೆನಪಿನಲ್ಲಿರಲಿ.

1870ರಲ್ಲಿ ಸೇತ್ ಕೊಲಂಬಿಯಾ ಕಾಲೇಜಿನಿಂದ ಪದವಿ ಪಡೆದು ತಂದೆಯ ಕಂಪನಿಗೆ ಗುಮಾಸ್ತೆಯಾಗಿ ಸೇರಿದರು. ಕೆಲವು ವರ್ಷಗಳಲ್ಲಿ ಪಾಲುದಾರರಾದರು. ಅಷ್ಟು ಹೊತ್ತಿಗೆ ಹಾಯಿಹಡಗುಗಳ ಕಾಲ ಮುಗಿಯುತ್ತ ಬಂದಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದಿತ್ತು. ಉಗಿಹಡಗು ಮತ್ತು ತಂತಿ ಸಮಾಚಾರ ಚಹಾ ವ್ಯಾಪಾರದ ಹಳೆಯ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿದ್ದವು. ಕಂಪನಿಯನ್ನು ಹೇಗಾದರೂ ಎಳೆದಾಡಿ ಉಳಿಸುವ ಗೋಜಿಗೆ ಹೋಗದೆ 1880ರ ದಶಕದ ಕೊನೆಯಲ್ಲಿ ಅದನ್ನು ಮರ್ಯಾದೆಯಿಂದ ಮುಚ್ಚಿದರು. ಯಾವಾಗ ಶುರು ಮಾಡಬೇಕು ಎಂದು ತಿಳಿದ ವ್ಯಾಪಾರಿಗಳು ಬಹಳ. ಯಾವಾಗ ನಿಲ್ಲಿಸಬೇಕು ಎಂದು ತಿಳಿದವರು ಕಡಿಮೆ.

ಸೇತ್ ಲೋ ದೈವಭಕ್ತರು. ತಂದೆಯ ಮನೆತನ ಯೂನಿಟೇರಿಯನ್ ಪಂಥದ್ದು. ಯೌವನದಲ್ಲಿ ಅವರು ಆಂಗ್ಲಿಕನ್ ಪರಂಪರೆಯ ಎಪಿಸ್ಕೋಪಲ್ ಸಭೆಗೆ ಸೇರಿದರು. 1880ರಲ್ಲಿ ಆನ್ ಕರ್ಟಿಸ್ ಅವರನ್ನು ಮದುವೆಯಾದರು. ಈಕೆಯ ತಂದೆ ಬೆಂಜಮಿನ್ ಕರ್ಟಿಸ್ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದವರು; 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ, ಕಪ್ಪು ಜನಾಂಗದವರು ಪ್ರಜೆಗಳೇ ಅಲ್ಲ ಎಂದ ಬಹುಮತದ ತೀರ್ಪಿಗೆ ವಿರುದ್ಧವಾಗಿ ನಿಂತ ಇಬ್ಬರಲ್ಲಿ ಒಬ್ಬರು. ದಂಪತಿಗೆ ಮಕ್ಕಳಾಗಲಿಲ್ಲ.

ಲೋ ಅವರ ಸಾರ್ವಜನಿಕ ಜೀವನ ಶುರುವಾದದ್ದು ಬಡವರ ವಿಷಯದಲ್ಲಿ. ಆಗ ಬ್ರೂಕ್ಲಿನ್‌ನಲ್ಲಿ ಬಡ ಕುಟುಂಬಗಳಿಗೆ ಸಾರ್ವಜನಿಕ ಹಣದಿಂದ ಚಳಿಗಾಲದಲ್ಲಿ ಕಲ್ಲಿದ್ದಲು, ದಿನಸಿ ಹಂಚುವ ಪದ್ಧತಿ ಇತ್ತು. ರಾಜಕಾರಣಿಗಳು ಅದನ್ನು ಮತ ಕೊಳ್ಳುವ ದಾರಿ ಮಾಡಿಕೊಂಡಿದ್ದರು. ಲೋ ಮತ್ತು ಅವರ ಗೆಳೆಯರು ಲೆಕ್ಕ ತೆಗೆದು, ಇದರಲ್ಲಿ ಮೋಸವಿದೆ ಎಂದು ತೋರಿಸಿದರು. 1878ರಲ್ಲಿ, ಚಳಿಗಾಲದ ನಡುವೆಯೇ, ಆ ಹಂಚಿಕೆ ನಿಂತುಹೋಯಿತು. ಅದರ ಬದಲು ಖಾಸಗಿ ದಾನವನ್ನು ಕ್ರಮಪಡಿಸಿ, ಸ್ವಯಂಸೇವಕರು ಬಡವರ ಮನೆಗಳಿಗೆ ಹೋಗಿ ವಿಚಾರಿಸುವ ಏರ್ಪಾಟು ಮಾಡಿದ ಬ್ರೂಕ್ಲಿನ್ ದತ್ತಿ ಸಂಸ್ಥೆಗೆ ಲೋ ಮೊದಲ ಅಧ್ಯಕ್ಷರಾದರು.

ಇದನ್ನು ಓದಿ ನಿಮಗೇನನ್ನಿಸುತ್ತದೆ? ಮನೆಮನೆಗೆ ಹೋಗಿ ಬಡವರನ್ನು ಭೇಟಿ ಮಾಡುವ ಅಭ್ಯಾಸವಿರುವವರಿಗೆ ಈ ಇಕ್ಕಟ್ಟು ಗೊತ್ತು. ಹತ್ತು ಜನರಲ್ಲಿ ಇಬ್ಬರು ಸುಳ್ಳು ಹೇಳಿ ಅಕ್ಕಿ ಪಡೆಯುತ್ತಾರೆ. ಆ ಇಬ್ಬರನ್ನು ತಡೆಯಲು ಅಂಗಡಿಯನ್ನೇ ಮುಚ್ಚಿದರೆ ಉಳಿದ ಎಂಟು ಜನರ ಗತಿ ಏನು? ಪ್ರತಿಯೊಬ್ಬನಿಗೂ ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ನ್ಯಾಯ ಎಂದು ತತ್ವಶಾಸ್ತ್ರ ಕಲಿಸುತ್ತದೆ. ಆದರೆ ನ್ಯಾಯಕ್ಕೆ ಕಣ್ಣು ಮಾತ್ರವಿದ್ದು ಕೈ ಇಲ್ಲದಿದ್ದರೆ ಚಳಿಗೆ ನಡುಗುವವನಿಗೆ ಅದರಿಂದ ಏನು ಬಂತು? ಲೋ ಅವರ ಉದ್ದೇಶ ಶುದ್ಧವಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ಆ ಚಳಿಗಾಲದ ತಣ್ಣಗಿನ ಸ್ಪರ್ಶ ಮಾತ್ರ ಅವರ ಸಾರ್ವಜನಿಕ ಜೀವನಕ್ಕೆ ಅಂಟಿಕೊಂಡೇ ಬಂತು ಎಂದು ನನಗನ್ನಿಸುತ್ತದೆ.

1881ರ ಕೊನೆಯಲ್ಲಿ, 31ನೆಯ ವಯಸ್ಸಿನಲ್ಲಿ, ಅವರು ಬ್ರೂಕ್ಲಿನ್‌ನ ಮೇಯರ್ ಆಗಿ ಆಯ್ಕೆಯಾದರು. 1880ರ ಜನಗಣತಿಯಂತೆ ಆ ನಗರದ ಜನಸಂಖ್ಯೆ 5 ಲಕ್ಷ 66 ಸಾವಿರ. ರಾಷ್ಟ್ರದ ಪಕ್ಷರಾಜಕೀಯಕ್ಕೂ ಊರಿನ ಚರಂಡಿ, ಶಾಲೆ, ದೀಪಗಳಿಗೂ ಸಂಬಂಧವಿರಬಾರದು ಎಂಬುದು ಅವರ ನಿಲುವು. ನೌಕರಿಗಳನ್ನು ಪಕ್ಷದವರಿಗೆ ಹಂಚುವ ಬದಲು ಪರೀಕ್ಷೆಯ ಮೂಲಕ ತುಂಬಲು ಮುಂದಾದರು. ಶಾಲಾ ಮಕ್ಕಳಿಗೆ ಪಠ್ಯಪುಸ್ತಕಗಳನ್ನು ಉಚಿತವಾಗಿ ಕೊಡುವಂತೆ ಮಾಡಿದರು. 1882ರಲ್ಲಿ ಫಿಲಿಪ್ ವೈಟ್ ಎಂಬ ಕಪ್ಪು ಜನಾಂಗದ ಔಷಧ ವ್ಯಾಪಾರಿಯನ್ನು ನಗರದ ಶಿಕ್ಷಣ ಮಂಡಳಿಗೆ ನೇಮಿಸಿದರು. ಅದುವರೆಗೆ ಆ ಮಂಡಳಿಯಲ್ಲಿ ಕಪ್ಪು ಜನಾಂಗದವರೊಬ್ಬರೂ ಕುಳಿತಿರಲಿಲ್ಲ. 1883ರಲ್ಲಿ ಮತ್ತೊಮ್ಮೆ ಗೆದ್ದರು. ಸ್ವಂತ ಪಕ್ಷದವರಿಗೆ ಮಾತ್ರ ಅವರು ಕಣ್ಣಿನ ಕಸವಾದರು. ಗೆಲ್ಲಿಸಿದವರಿಗೆ ಕೆಲಸ ಕೊಡದ ಮೇಯರ್‌ನಿಂದ ಏನು ಪ್ರಯೋಜನ ಎಂಬುದು ಅವರ ದೂರು.

ಇದೇ ಅವಧಿಯ ಒಂದು ಪ್ರಸಂಗ. ಬ್ರೂಕ್ಲಿನ್ ಮತ್ತು ನ್ಯೂಯಾರ್ಕ್ ನಗರಗಳನ್ನು ಜೋಡಿಸುವ ಮಹಾಸೇತುವೆಯ ಕೆಲಸ ಆಗ ಕೊನೆಯ ಹಂತದಲ್ಲಿತ್ತು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ನದಿಯ ತಳದಲ್ಲಿ ಒತ್ತಡದ ಗಾಳಿಯ ನಡುವೆ ದುಡಿದು ಕಾಯಿಲೆ ಬಿದ್ದವರು. ಹತ್ತು ವರ್ಷದಿಂದ ಮನೆ ಹಿಡಿದಿದ್ದರು. ಅವರ ಸೂಚನೆಗಳನ್ನು ಹೊತ್ತು ಪತ್ನಿ ಎಮಿಲಿ ಕೆಲಸದ ಸ್ಥಳಕ್ಕೆ ಓಡಾಡುತ್ತಿದ್ದರು. ಕಣ್ಣಿಗೇ ಬೀಳದ ಮುಖ್ಯ ಎಂಜಿನಿಯರ್ ಇದ್ದರೇನು, ಬಿಟ್ಟರೇನು ಎಂದು ಹೊಸ ಮೇಯರ್ ಯೋಚಿಸಿದರು. ರೋಬ್ಲಿಂಗ್ ಅವರನ್ನು ಸಲಹೆಗಾರರನ್ನಾಗಿ ಮಾಡಿ ಅವರ ಸಹಾಯಕನನ್ನು ಮುಖ್ಯಸ್ಥನನ್ನಾಗಿ ಮಾಡಬೇಕೆಂದು 1882ರ ಆಗಸ್ಟ್‌ನಲ್ಲಿ ಸೇತುವೆಯ ಮಂಡಳಿಯ ಮುಂದೆ ಠರಾವು ತಂದರು. ಸೆಪ್ಟೆಂಬರ್‌ನಲ್ಲಿ ಮತ ಹಾಕಿದಾಗ 10 ಮಂದಿ ರೋಬ್ಲಿಂಗ್ ಪರ, 7 ಮಂದಿ ವಿರುದ್ಧ. ಕಾಯಿಲೆಯ ಮನುಷ್ಯ ತನ್ನ ಸ್ಥಾನದಲ್ಲೇ ಉಳಿದರು. 1883ರ ಮೇ 24ರಂದು ಸೇತುವೆ ತೆರೆದಾಗ ಅಮೆರಿಕದ ಅಧ್ಯಕ್ಷ ಚೆಸ್ಟರ್ ಆರ್ಥರ್ ಅವರನ್ನು ಬ್ರೂಕ್ಲಿನ್ ಕಡೆಯಿಂದ ಸ್ವಾಗತಿಸಿದ್ದು ಮೇಯರ್ ಲೋ ಅವರೇ. ಹಡಗಿನ ಕಂಪನಿಯ ಲೆಕ್ಕದಲ್ಲಿ ನೋಡಿದರೆ ಲೋ ತಪ್ಪು ಮಾಡಿರಲಿಲ್ಲ. ಕೆಲಸಕ್ಕೆ ಬಾರದವನಿಗೆ ಹುದ್ದೆ ಏಕೆ? ಆದರೆ ಹಾಸಿಗೆಯ ಮೇಲಿಂದಲೇ ಆ ಸೇತುವೆಯ ಒಂದೊಂದು ತಂತಿಯನ್ನೂ ಬಲ್ಲವನಾಗಿದ್ದವನು ರೋಬ್ಲಿಂಗ್. ಅದು ಹಾಜರಿ ಪುಸ್ತಕದಲ್ಲಿ ಕಾಣುವ ವಿಷಯವಲ್ಲ.

ಈಗ ಕೊಲಂಬಿಯಾಕ್ಕೆ ಬರೋಣ.

1754ರಲ್ಲಿ ಇಂಗ್ಲೆಂಡಿನ ಅರಸನ ಸನದಿನಿಂದ ಕಿಂಗ್ಸ್ ಕಾಲೇಜ್ ಎಂಬ ಹೆಸರಿನಲ್ಲಿ ಹುಟ್ಟಿದ ಸಂಸ್ಥೆ ಇದು. ಸ್ವಾತಂತ್ರ್ಯದ ನಂತರ 1784ರಲ್ಲಿ ಕೊಲಂಬಿಯಾ ಎಂಬ ಹೆಸರು ಬಂತು. ಅಧ್ಯಕ್ಷನಾಗುವವನು ಆಂಗ್ಲಿಕನ್ ಸಭೆಗೆ ಸೇರಿದವನಾಗಿರಬೇಕು ಎಂಬುದು ಮೊದಲು ಜಾಗ ಕೊಟ್ಟ ಟ್ರಿನಿಟಿ ದೇವಾಲಯದ ಷರತ್ತು. ಆ ಮಟ್ಟಿಗೆ ಲೋ ಅರ್ಹರು. 1881ರಿಂದಲೇ ವಿಶ್ವಸ್ತ ಮಂಡಳಿಯ ಸದಸ್ಯರಾಗಿದ್ದುದರಿಂದ ಸಂಸ್ಥೆಯ ಒಳಹೊರಗೂ ಗೊತ್ತಿತ್ತು. 1890ರ ಫೆಬ್ರುವರಿಯಲ್ಲಿ ಅವರು ವಿಧಿವತ್ತಾಗಿ ಅಧಿಕಾರ ವಹಿಸಿಕೊಂಡರು.

ಅವರಿಗೆ ಕಂಡದ್ದೇನು? ಹೆಸರಿಗೆ ಒಂದು ಸಂಸ್ಥೆ, ಒಳಗೆ ಹತ್ತು ಮನೆ. ಕಾನೂನು ಶಾಲೆ ಒಂದು ಕಡೆ, ಗಣಿಶಾಸ್ತ್ರದ ಶಾಲೆ ಒಂದು ಕಡೆ, ರಾಜ್ಯಶಾಸ್ತ್ರ ಮತ್ತೊಂದು ಕಡೆ. ಒಬ್ಬರ ಅಡಿಗೆಮನೆಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಕಟ್ಟಡಗಳಿದ್ದದ್ದು ಮ್ಯಾಡಿಸನ್ ಅವೆನ್ಯೂ ಮತ್ತು 49ನೆಯ ಬೀದಿಯ ಬಳಿ, ರೈಲು ಹಳಿಗಳ ಪಕ್ಕದಲ್ಲಿ. ಹೊಗೆ, ಸದ್ದು, ಇಕ್ಕಟ್ಟು.

ಹೊಸ ಅಧ್ಯಕ್ಷರು ತಾವೇ ಪಂಡಿತರೆಂದು ತೋರಿಸಿಕೊಳ್ಳಲು ಹೋಗಲಿಲ್ಲ. ಅವರನ್ನು ನಾನು ಬಹಳ ಮೆಚ್ಚುವುದು ಇಲ್ಲಿ. ಏನು ಕಲಿಸಬೇಕು ಎಂಬುದು ಪ್ರಾಧ್ಯಾಪಕರಿಗೆ ಬಿಟ್ಟದ್ದು, ಕಲಿಸಲು ಅನುಕೂಲ ಮಾಡುವುದು ತಮ್ಮದು ಎಂದು ನಡೆದುಕೊಂಡರು. ಎಲ್ಲ ಶಾಲೆಗಳ ಪ್ರತಿನಿಧಿಗಳು ಒಟ್ಟಿಗೆ ಕುಳಿತು ತೀರ್ಮಾನಿಸುವ ವಿಶ್ವವಿದ್ಯಾಲಯ ಪರಿಷತ್ತನ್ನು ರಚಿಸಿದರು. 1891ರಲ್ಲಿ ನಗರದ ಹೆಸರಾಂತ ವೈದ್ಯಕೀಯ ಕಾಲೇಜು ಕೊಲಂಬಿಯಾದಲ್ಲಿ ಸಂಪೂರ್ಣವಾಗಿ ಸೇರಿತು. 1892ರಲ್ಲಿ ಶುದ್ಧ ವಿಜ್ಞಾನಗಳ ವಿಭಾಗ ಹುಟ್ಟಿತು. 1893ರಲ್ಲಿ ಟೀಚರ್ಸ್ ಕಾಲೇಜ್, 1900ರಲ್ಲಿ ಹೆಣ್ಣುಮಕ್ಕಳ ಬರ್ನಾರ್ಡ್ ಕಾಲೇಜ್ ಜೊತೆಗೂಡಿದವು. ಹುಡುಗರ ಕೊಲಂಬಿಯಾ ಕಾಲೇಜಿಗೇ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು ಮಾತ್ರ 1983ರಲ್ಲಿ. ಪಂಡಿತರಿಗೂ ಕೆಲವು ಬಾಗಿಲು ತೆರೆಯಲು ಬಹಳ ಕಾಲ ಬೇಕು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ಕಾನೂನು ಶಾಲೆಯನ್ನು ಹಲವು ದಶಕ ತಮ್ಮ ಮನೆಯಂತೆ ನಡೆಸಿದ್ದ ವೃದ್ಧ ಥಿಯೊಡೋರ್ ಡ್ವೈಟ್ ಹೊಸ ಬೋಧನಾ ಕ್ರಮಕ್ಕೆ ಒಗ್ಗದೆ 1891ರಲ್ಲಿ ಹೊರಟುಹೋದರು. ಅವರ ಅನುಯಾಯಿ ಅಧ್ಯಾಪಕರು ಅದೇ ವರ್ಷ ಹೊರಗೆ ಹೋಗಿ ಬೇರೆಯೇ ಕಾನೂನು ಶಾಲೆ ತೆರೆದರು.

ಅತಿ ದೊಡ್ಡ ತೀರ್ಮಾನ ಜಾಗದ್ದು. ನಗರವನ್ನೇ ಬಿಟ್ಟು ಹಳ್ಳಿಯ ಹಸಿರಿಗೆ ಹೋದರೆ ಅಗ್ಗವಾಗಿ ಜಾಗ ಸಿಗುತ್ತಿತ್ತು. ಲೋ ಅದಕ್ಕೆ ಮನಸ್ಸು ಮಾಡಲಿಲ್ಲ. ನಗರದ ಉತ್ತರದಲ್ಲಿ, ಮಾರ್ನಿಂಗ್‌ಸೈಡ್ ಹೈಟ್ಸ್ ಎಂಬ ದಿಣ್ಣೆಯ ಮೇಲೆ, ಬ್ಲೂಮಿಂಗ್‌ಡೇಲ್ ಮಾನಸಿಕ ಆಸ್ಪತ್ರೆಯ ಭೂಮಿಯಿತ್ತು. ಅದನ್ನು 20 ಲಕ್ಷ ಡಾಲರಿಗೆ ಕೊಳ್ಳಲು ಮಂಡಳಿಯನ್ನು ಒಪ್ಪಿಸಿದರು. ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಹಳೆಯ ವಿದ್ಯಾರ್ಥಿಗಳ, ನಗರದ ಸಿರಿವಂತರ ಬಾಗಿಲು ಬಡಿಯಬೇಕಾಯಿತು. ಯಾವ ಧರ್ಮಕೇಂದ್ರದ ಕಟ್ಟಡ ಸಮಿತಿಯಲ್ಲಿ ಕುಳಿತವರಿಗೂ ಮುಂದಿನ ಕಥೆ ಗೊತ್ತಿರುತ್ತದೆ: ಭರವಸೆಗಳು ಬರುತ್ತವೆ, ದುಡ್ಡು ಬರುವುದಿಲ್ಲ.

1895ರ ಮೇ ತಿಂಗಳಲ್ಲಿ ನಡೆದ ವಿಶ್ವಸ್ತ ಮಂಡಳಿಯ ಸಭೆಯಲ್ಲಿ ಲೋ ಒಂದು ಪ್ರಕಟಣೆ ಮಾಡಿದರು. ಹೊಸ ಆವರಣದ ನಡುವೆ ಬರಬೇಕಾದ ಗ್ರಂಥಾಲಯವನ್ನು ತಾವೇ ಕಟ್ಟಿಸಿಕೊಡುವುದಾಗಿ ಹೇಳಿದರು. ಅದಕ್ಕಾಗಿ 10 ಲಕ್ಷ ಡಾಲರ್. ಅವರ ಆಸ್ತಿಯಲ್ಲಿ ಅದು ದೊಡ್ಡ ಪಾಲು. ಅದೇ ಸಭೆಯಲ್ಲಿ ಮಂಡಳಿಯ ಹಿರಿಯರಾದ ವಿಲಿಯಂ ಶೆರ್ಮರ್‌ಹಾರ್ನ್ ಇನ್ನೊಂದು ಕಟ್ಟಡಕ್ಕೆ 3 ಲಕ್ಷ ಡಾಲರ್ ಕೊಡುವುದಾಗಿ ಎದ್ದರು. ಬೇಡುವವನು ಮೊದಲು ತನ್ನ ಜೇಬಿಗೆ ಕೈ ಹಾಕಿದರೆ ಪಕ್ಕದವನ ಕೈಯೂ ಸಡಿಲವಾಗುತ್ತದೆ. ಲೋ ಕೊಟ್ಟ ಹಣದ ಗೌರವಾರ್ಥ ವಿಶ್ವವಿದ್ಯಾಲಯ ಬ್ರೂಕ್ಲಿನ್‌ನ ಹುಡುಗ ಹುಡುಗಿಯರಿಗೆ ವಿದ್ಯಾರ್ಥಿವೇತನಗಳನ್ನು ಏರ್ಪಡಿಸಿತು.

ಇಂದು ಲೋ ಗ್ರಂಥಾಲಯ ಎಂದು ಕೇಳಿದವರೆಲ್ಲ ಅದು ಸೇತ್ ಲೋ ಅವರ ಹೆಸರಿನದು ಎಂದೇ ತಿಳಿಯುತ್ತಾರೆ. ಹಾಗಲ್ಲ. ಅದು 1893ರಲ್ಲಿ ತೀರಿಕೊಂಡ ತಂದೆ ಏಬಿಯಲ್ ಲೋ ಅವರ ಸ್ಮಾರಕ. ಕ್ಯಾಂಟನ್‌ಗೆ ಹೋದ ಆ ತರುಣನನ್ನು, ರಸಲ್ ಕಂಪನಿಯ ಸರಕನ್ನು ಇಲ್ಲಿ ನೆನೆಯಿರಿ. ಮಗನಿಗೆ ತಂದೆಯ ಮೇಲಿದ್ದದ್ದು ಶುದ್ಧ ಗೌರವ. ಪ್ರಾಯಶ್ಚಿತ್ತದ ಮಾತನ್ನು ಅವರ ಬಾಯಲ್ಲಿ ತುರುಕುವ ಹಕ್ಕು ನನಗಿಲ್ಲ. ಆದರೂ ಆ ದುಡ್ಡಿನ ಒಂದು ಭಾಗ ಎಲ್ಲಿ ಹುಟ್ಟಿ ಎಲ್ಲಿ ಬಂದು ನಿಂತಿತು ನೋಡಿ.

ವಾಸ್ತುಶಿಲ್ಪಿ ಚಾರ್ಲ್ಸ್ ಮೆಕಿಮ್. ರೋಮಿನ ಪ್ಯಾಂಥಿಯಾನ್ ನೆನಪಿಗೆ ತರುವ ಕಲ್ಲಿನ ಗುಮ್ಮಟ, ಎದುರಿಗೆ ಅಗಲವಾದ ಮೆಟ್ಟಿಲುಗಳ ಸಾಲು. 1896ರ ಮೇ 2ರಂದು ಹೊಸ ಜಾಗದ ಸಮರ್ಪಣೆ ನಡೆಯಿತು. 1897ರ ಅಕ್ಟೋಬರ್‌ನಲ್ಲಿ ಅಲ್ಲಿ ತರಗತಿಗಳು ಶುರುವಾದವು. ಇಡೀ ಸಂಸ್ಥೆಯನ್ನು ನ್ಯೂಯಾರ್ಕ್ ನಗರದಲ್ಲಿರುವ ಕೊಲಂಬಿಯಾ ವಿಶ್ವವಿದ್ಯಾಲಯ ಎಂದು ಕರೆಯಲು ತೊಡಗಿದ್ದೂ 1896ರಲ್ಲೇ. ನಗರದ ಹೆಸರು ಅಲ್ಲಿ ಸುಮ್ಮನೆ ಬಂದದ್ದಲ್ಲ. ನಗರದ ಗದ್ದಲದಿಂದ ತಲೆ ತಪ್ಪಿಸಿಕೊಳ್ಳುವ ವಿದ್ಯೆ ಅವರಿಗೆ ಬೇಕಿರಲಿಲ್ಲ. 1892ರಲ್ಲಿ ಯೂರೋಪಿನಿಂದ ಬಂದ ಹಡಗುಗಳಲ್ಲಿ ಕಾಲರಾ ಕಾಣಿಸಿಕೊಂಡು ಊರೆಲ್ಲ ಹೆದರಿದಾಗ, ತಡೆಹಿಡಿದ ಪ್ರಯಾಣಿಕರಿಗಾಗಿ ಸ್ಯಾಂಡಿ ಹುಕ್ ಎಂಬಲ್ಲಿ ತೆರೆದ ಶಿಬಿರಕ್ಕೆ ಲೋ ಶಿಬಿರ ಎಂದೇ ಹೆಸರಾಗಿತ್ತು. ವಿಶ್ವವಿದ್ಯಾಲಯದ ಅಧ್ಯಕ್ಷರಿಗೆ ಆಗ ಇಂಥ ಕೆಲಸವೂ ಇತ್ತು.

ಆ ದಿಣ್ಣೆಯ ಮೇಲೆ ಯಾರು ಯಾರು ಬಂದು ಓದಿದರು ಎಂದು ತಿಳಿದರೆ ನಿಮಗೆ ಸಂತೋಷವಾದೀತು. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಪಡೆದು ಅಲ್ಲಿಗೆ ಬಂದ ಒಬ್ಬ ತರುಣ 1916ರವರೆಗೆ ಓದಿದ. ನಮ್ಮ ದೇಶದ ಅಗ್ರಹಾರಗಳ ಬಾವಿಯಿಂದ ನೀರು ಸೇದಲು ಬಿಡದ ಜಾತಿಯಲ್ಲಿ ಹುಟ್ಟಿದವನು. ಅವನಿಗೆ ಆ ಮೆಟ್ಟಿಲು ಹತ್ತಲು, ಒಳಗೆ ಕುಳಿತು ಬೇಕಾದ ಪುಸ್ತಕ ತೆರೆಯಲು ಯಾರ ಅಡ್ಡಿಯೂ ಇರಲಿಲ್ಲ. ಆತ ಭೀಮರಾವ್ ಅಂಬೇಡ್ಕರ್. 1952ರಲ್ಲಿ ಅದೇ ವಿಶ್ವವಿದ್ಯಾಲಯ ಅವರನ್ನು ಕರೆಸಿ ಗೌರವ ಡಾಕ್ಟರೇಟ್ ಕೊಟ್ಟಿತು. ಇನ್ನೊಬ್ಬನನ್ನು ನಮ್ಮ ಮನೆಗಳಲ್ಲಿ ಬಲ್ಲವರಿದ್ದಾರೆ: ಕೊಲಂಬಿಯಾದಲ್ಲಿ ಓದುತ್ತಲೇ ಕಥೋಲಿಕ ವಿಶ್ವಾಸದತ್ತ ತಿರುಗಿ, 1938ರ ನವೆಂಬರ್‌ನಲ್ಲಿ ಅಲ್ಲಿಗೆ ಹತ್ತಿರದ ಕಾರ್ಪುಸ್ ಕ್ರಿಸ್ತಿ ದೇವಾಲಯದಲ್ಲಿ ದೀಕ್ಷಾಸ್ನಾನ ಪಡೆದ, ಮುಂದೆ ಟ್ರಾಪಿಸ್ಟ್ ಸನ್ಯಾಸಿಯಾದ ತಾಮಸ್ ಮೆರ್ಟನ್.

ನೋವಿನ ಮಾತೂ ಒಂದಿದೆ. ಲೋ ತೀರಿಕೊಂಡು ಹನ್ನೆರಡು ವರ್ಷದ ಮೇಲೆ, 1928ರಲ್ಲಿ, ಕೊಲಂಬಿಯಾ ಬ್ರೂಕ್ಲಿನ್‌ನಲ್ಲಿ ಸೇತ್ ಲೋ ಜೂನಿಯರ್ ಕಾಲೇಜ್ ಎಂಬುದನ್ನು ತೆರೆಯಿತು. ಅಲ್ಲಿಗೆ ಸೇರಿದವರಲ್ಲಿ ಹೆಚ್ಚಿನವರು ಯೆಹೂದ್ಯ ಹುಡುಗರು, ಜೊತೆಗೆ ಇಟಲಿ ಮೂಲದ ಕಥೋಲಿಕ ಮನೆಗಳ ಹುಡುಗರು. ಅಂಥವರನ್ನು ಮಾರ್ನಿಂಗ್‌ಸೈಡ್‌ನ ಮುಖ್ಯ ಆವರಣದಿಂದ ದೂರ ಇಡುವುದೇ ಅದರ ಒಳ ಉದ್ದೇಶವಾಗಿತ್ತು. ಕೆಲವು ವರ್ಷ ನಡೆದು ಅದು ಮುಚ್ಚಿತು. ಬಾಗಿಲು ತೆರೆಯಲು ದುಡ್ಡು ಕೊಟ್ಟವರ ಹೆಸರನ್ನು ಬಾಗಿಲು ಮುಚ್ಚಲು ಬಳಸಿದ ಬಗೆ ಇದು.

ಲೋ ಕೊಲಂಬಿಯಾದಲ್ಲಿ ಹನ್ನೊಂದು ವರ್ಷ ಇದ್ದರು. ನಡುವೆ 1897ರಲ್ಲಿ, ಬ್ರೂಕ್ಲಿನ್ ಮುಂತಾದವನ್ನು ಕೂಡಿಸಿ ಮಾಡಿದ ಹೊಸ ಮಹಾನಗರಕ್ಕೆ ಮೇಯರ್ ಆಗಲು ನಿಂತು ಸೋತರು. 1899ರಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿ ನಡೆದ ಶಾಂತಿ ಸಮ್ಮೇಳನಕ್ಕೆ ಅಮೆರಿಕದ ಪ್ರತಿನಿಧಿಗಳಲ್ಲಿ ಒಬ್ಬರಾಗಿ ಹೋದರು. 1901ರಲ್ಲಿ ಮತ್ತೆ ಮೇಯರ್ ಚುನಾವಣೆ ಬಂತು. ಈ ಸಲ ವಿಶ್ವವಿದ್ಯಾಲಯದ ಹುದ್ದೆಗೆ ರಾಜೀನಾಮೆ ಕೊಟ್ಟು ಕಣಕ್ಕಿಳಿದರು, ಗೆದ್ದರು.

1902 ಮತ್ತು 1903, ಎರಡು ವರ್ಷ ಅವರು ನ್ಯೂಯಾರ್ಕಿನ ಮೇಯರ್. ಆಡಳಿತ ಶುದ್ಧವಾಗಿತ್ತು ಎಂದು ವಿರೋಧಿಗಳೂ ಒಪ್ಪುತ್ತಿದ್ದರು. ಶಾಲೆಗಳಲ್ಲಿ ಕಣ್ಣುಬೇನೆಯ ಮಕ್ಕಳನ್ನು ಮನೆಗೆ ಅಟ್ಟಿ ಸುಮ್ಮನಾಗುತ್ತಿದ್ದ ಕಾಲದಲ್ಲಿ, 1902ರಲ್ಲಿ, ಸಮಾಜಸೇವಕಿ ಲಿಲಿಯನ್ ವಾಲ್ಡ್ ಅವರು ಎರವಲು ಕೊಟ್ಟ ಒಬ್ಬ ದಾದಿಯಿಂದ ಶಾಲಾ ದಾದಿಯರ ಸೇವೆ ಆರಂಭವಾಯಿತು. ಫಲ ಕಂಡು ನಗರವೇ ದಾದಿಯರಿಗೆ ಸಂಬಳ ಕೊಡತೊಡಗಿತು. ಇಷ್ಟಾದರೂ 1903ರಲ್ಲಿ ಲೋ ಸೋತರು. ಗೆದ್ದದ್ದು ಟ್ಯಾಮನಿ ಹಾಲ್ ಎಂಬ ಕುಖ್ಯಾತ ರಾಜಕೀಯ ಕೂಟದ ಅಭ್ಯರ್ಥಿ.

ಏಕೆ? ಭಾನುವಾರ ಮದ್ಯದಂಗಡಿ ಮುಚ್ಚಿಸುವ ಜಗಳವೂ ಒಂದು ಕಾರಣ. ಆದರೆ ಮೂಲ ಕಾರಣ ನಮಗೆ ಹತ್ತಿರದ್ದು. ಟ್ಯಾಮನಿಯ ಬೆನ್ನೆಲುಬು ಬಡ ವಲಸೆಗಾರರು. ಅವರಲ್ಲಿ ಬಹಳ ಮಂದಿ ಐರಿಷ್ ಕಥೋಲಿಕರು, ನಮ್ಮ ಹಾಗೆಯೇ ಭಾನುವಾರ ಬಲಿಪೂಜೆಗೆ ಬರುವ ಜನ. ಟ್ಯಾಮನಿಯ ನಾಯಕರು ಸಾರ್ವಜನಿಕರ ಹಣ ಕದಿಯುತ್ತಾರೆಂಬುದು ಆ ಜನರಿಗೆ ತಿಳಿಯದ ವಿಷಯವೇನಲ್ಲ. ಆದರೆ ಮನೆಗೆ ಬೆಂಕಿ ಬಿದ್ದ ರಾತ್ರಿ ಕಂಬಳಿ ತಂದವನು, ಮಗನಿಗೆ ಕೆಲಸ ಕೊಡಿಸಿದವನು, ಅಜ್ಜಿಯ ಶವದ ಮೆರವಣಿಗೆಯಲ್ಲಿ ನಡೆದವನು ಅದೇ ಟ್ಯಾಮನಿಯ ಬೀದಿ ನಾಯಕ. ಲೋ ಅವರ ಕಡೆಯವರು ಒಳ್ಳೆಯ ಆಡಳಿತ ತಂದರು. ಅವರ ಬಾಗಿಲಿಗೆ ಬರಲಿಲ್ಲ. ಲೋ ಪ್ರಾಮಾಣಿಕರಾದರೂ ಜನರ ಹೃದಯ ಗೆಲ್ಲುವ ಗುಣ ಅವರಿಗಿರಲಿಲ್ಲ ಎಂದು ಆ ಕಾಲದ ಪತ್ರಕರ್ತರೂ ಗುರುತಿಸಿದ್ದರು. ಮತ ಹಾಕಿದ ಆ ಬಡವರನ್ನು ಮೂರ್ಖರು ಎನ್ನಲು ನನಗೆ ನಾಲಗೆ ಬಾರದು. ಕದ್ದ ನಾಯಕರನ್ನು ಒಳ್ಳೆಯವರೆನ್ನಲೂ ಬಾರದು.

ಸೋತ ಮೇಲೆ ಲೋ ಮೂಲೆ ಸೇರಲಿಲ್ಲ. ಈ ಕೊನೆಯ ಹದಿಮೂರು ವರ್ಷಗಳನ್ನು ಜೀವನಚರಿತ್ರೆಗಳು ಬೇಗ ದಾಟಿಬಿಡುತ್ತವೆ. ನನಗೆ ಅವೇ ಇಷ್ಟ. ಕಾರ್ಖಾನೆಯ ಮಾಲೀಕರನ್ನೂ ಕಾರ್ಮಿಕ ಸಂಘದವರನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ರಾಷ್ಟ್ರೀಯ ಪೌರ ಒಕ್ಕೂಟಕ್ಕೆ 1907ರಿಂದ ಅಧ್ಯಕ್ಷರಾದರು. 1914ರಲ್ಲಿ ಕೊಲರಾಡೋದ ಲಡ್ಲೋ ಎಂಬಲ್ಲಿ ಮುಷ್ಕರ ಹೂಡಿ ಡೇರೆಗಳಲ್ಲಿದ್ದ ಕಲ್ಲಿದ್ದಲು ಗಣಿಯ ಕಾರ್ಮಿಕರ ಕುಟುಂಬಗಳ ಮೇಲೆ ಗುಂಡು ಹಾರಿ, ಡೇರೆಗಳು ಸುಟ್ಟು, ಹೆಂಗಸರು ಮಕ್ಕಳು ಸತ್ತರು. ಆ ಗಣಿಗಳ ವಿವಾದ ನೋಡಲು ಅಧ್ಯಕ್ಷ ವಿಲ್ಸನ್ ನೇಮಿಸಿದ ಆಯೋಗಕ್ಕೆ ಮುಖ್ಯಸ್ಥರು ಸೇತ್ ಲೋ. ಆಗ ಅವರಿಗೆ 64 ವರ್ಷ. ಕಾಗದದ ಮೇಲಿನ ಕಲ್ಲಿದ್ದಲಿನ ಲೆಕ್ಕದಿಂದ ಶುರುವಾದ ಸಾರ್ವಜನಿಕ ಜೀವನ ಅವರನ್ನು ಕಲ್ಲಿದ್ದಲು ಅಗೆಯುವವರ ಊರಿಗೇ ತಂದು ನಿಲ್ಲಿಸಿತು.

ಇನ್ನೊಂದು ಹೊಣೆ, ದಕ್ಷಿಣದ ಅಲಬಾಮಾ ರಾಜ್ಯದ ಟಸ್ಕೀಗಿ ವಿದ್ಯಾಸಂಸ್ಥೆಯದು. ಗುಲಾಮಗಿರಿಯಲ್ಲಿ ಹುಟ್ಟಿದ ಬುಕರ್ ವಾಷಿಂಗ್ಟನ್ ಕಪ್ಪು ಜನಾಂಗದ ಯುವಕರಿಗಾಗಿ ಬೆಳೆಸಿದ ಸಂಸ್ಥೆ ಅದು. 1907ರಿಂದ ಲೋ ಅದರ ವಿಶ್ವಸ್ತ ಮಂಡಳಿಯ ಅಧ್ಯಕ್ಷರು. ಪಾಠ ಹೇಳುವವರು, ನಡೆಸುವವರು ಅಲ್ಲಿಯ ಜನ. ಲೋ ಅವರದು ಹಿಂದೆ ನಿಲ್ಲುವ ಕೆಲಸ. 1915ರ ನವೆಂಬರ್‌ನಲ್ಲಿ ಬುಕರ್ ವಾಷಿಂಗ್ಟನ್ ತೀರಿಕೊಂಡಾಗ ಇಡೀ ಸಂಸ್ಥೆ ನಡುಗಿತು. ಒಬ್ಬ ಮನುಷ್ಯನ ಮೇಲೆ ನಿಂತ ಸಂಸ್ಥೆಗಳಿಗೆ ಆ ಮನುಷ್ಯ ಹೋದ ದಿನ ಏನಾಗುತ್ತದೆಂದು ನೀವು ನೋಡಿದ್ದೀರಿ. ಲೋ ಮತ್ತು ಮಂಡಳಿಯವರು ತಡಮಾಡದೆ ಕಪ್ಪು ಜನಾಂಗದವರೇ ಆದ ರಾಬರ್ಟ್ ಮೋಟನ್ ಅವರನ್ನು ಆರಿಸಿದರು. ಟಸ್ಕೀಗಿ ನಿಲ್ಲಲಿಲ್ಲ.

ಈ ವರ್ಷಗಳಲ್ಲಿ ಅವರು ನ್ಯೂಯಾರ್ಕಿನ ಉತ್ತರಕ್ಕೆ ಬೆಡ್‌ಫೋರ್ಡ್ ಹಿಲ್ಸ್‌ನಲ್ಲಿ ಹೊಲ ಮಾಡಿಕೊಂಡು, ರೈತರ ಸಹಕಾರದ ಕೆಲಸದಲ್ಲಿಯೂ ಕೈಹಾಕಿದ್ದರು. 1916ರ ಸೆಪ್ಟೆಂಬರ್ 17ರಂದು ಅಲ್ಲಿಯೇ ತೀರಿಕೊಂಡರು. ಬ್ರೂಕ್ಲಿನ್‌ನ ಗ್ರೀನ್‌ವುಡ್ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದರು. ಮಾರ್ನಿಂಗ್‌ಸೈಡ್‌ನ ಗುಮ್ಮಟದ ಕೆಳಗೆ ಓದುವವರಿಗೆ ಜಾಗ ಸಾಲದೆ 1934ರಲ್ಲಿ ಗ್ರಂಥಾಲಯವನ್ನು ಎದುರಿನ ಹೊಸ ಕಟ್ಟಡಕ್ಕೆ ಸಾಗಿಸಲಾಯಿತು. ಏಬಿಯಲ್ ಲೋ ಅವರ ಸ್ಮಾರಕದಲ್ಲಿ ಈಗ ವಿಶ್ವವಿದ್ಯಾಲಯದ ಅಧ್ಯಕ್ಷರ ಕಚೇರಿ ಇದೆ. ಹೊರಗಿನ ಮೆಟ್ಟಿಲುಗಳ ಮೇಲೆ ಬಿಸಿಲಿರುವ ದಿನಗಳಲ್ಲಿ ಹುಡುಗ ಹುಡುಗಿಯರು ಬುತ್ತಿ ಬಿಚ್ಚಿ ಕುಳಿತಿರುತ್ತಾರೆ.